ಅಂಬರೀಶ ಮುಟ್ಟದ ಲ್ಯಾಪ್‌ಟಾಪ್

“ನಾ ಮಾಡಿಕೊಡಂಗಿಲ್ಲ್ರೀ!”

ಚೈತನ್ಯಾಳ ಮುಖ ಕೆಂಪಾಯಿತು. ಡೊಂಬಿವಲಿಯಿಂದ ಹೊರಟು, ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ, ಸಕ್ಕರೆ ಕಾಯಿಲೆಯವರು ಭಾನುವಾರ ಸೇರುವ ಸಾನಪಾಡಾದ ಈ ವಸತಿ ಸೊಸೈಟಿ ಹಾಲ್‌ಗೆ ಬಂದದ್ದು ಇಂಥ ಮಾತು ಕೇಳುವುದಕ್ಕಾ?

ಎದುರಿಗಿದ್ದವನು ಕಲಬುರಗಿ ಕಡೆಯ ಅಂಬರೀಶ. ಅವಳ ಹಾಗೆಯೇ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆಯವನು. ತೋಳಿನಲ್ಲಿ ಸಕ್ಕರೆ ಅಳೆಯುವ ಸೆನ್ಸರ್, ಸೊಂಟದಲ್ಲಿ ಇನ್ಸುಲಿನ್ ಪಂಪು. ಇಬ್ಬರಿಗೂ ಒಂದೇ ಒಡವೆ! ಆದರೆ ಅವನ ಫೋನಿನ ಆ್ಯಪ್ ಎರಡನ್ನೂ ಜೋಡಿಸಿ, ಬೇಕಾದಷ್ಟೇ ಇನ್ಸುಲಿನ್ ತಾನೇ ಬಿಡಿಸುತ್ತಿತ್ತು. ಕಾಯಿಲೆಯವರೇ ಕೋಡ್ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟ ಆ್ಯಪ್ ಅದು; ಆ ಕೋಡಿನಿಂದ ಕಂಪ್ಯೂಟರಿನಲ್ಲಿ ಕಟ್ಟಿಕೊಳ್ಳಬೇಕು. ತನಗೂ ಒಂದು ಕಟ್ಟಿಕೊಡಿ ಎಂದು ಅವಳು ಕೇಳಿದ್ದಳು.

“ನಂಗಲ್ಲ ಮಾರಾಯ್ರೇ, ಅಮ್ಮನಿಗೋಸ್ಕರ... ನನ್ನ ಸಕ್ಕರೆ ಇಳಿದೀತು ಅಂತ ರಾತ್ರಿಯಿಡೀ ಎದ್ದೆದ್ದು ನೋಡ್ತಾರೆ. ಸರಿ ನಿದ್ದೆ ಮಾಡಿ ವರ್ಷಗಟ್ಟಲೆ ಆಯ್ತು!”

“ಗೊತ್ತಾತ್ರಿ. ಆದ್ರೂ ಆ್ಯಪ್ ನೀವs ಕಟ್ಕೋಬೇಕು. ನಾ ಬಾಜೂಕ ಕುಂದರ್ತೀನಿ.”

‘ಎಂಥ ಜಂಭ!’ ಕಣ್ಣೀರು ನುಂಗಿಕೊಂಡು ಅವಳು ಹೊರಟೇಬಿಟ್ಟಳು.

ಮನೆಯಲ್ಲಿ ಅಮ್ಮ ಲೋಲಾಕ್ಷಿ ದೋಸೆ ಹೊಯ್ಯುತ್ತಲೇ ತೂಕಡಿಸುತ್ತಿದ್ದಳು. ಅದನ್ನು ನೋಡಿದ ಮೇಲೆ ಸಿಟ್ಟು ಎಲ್ಲಿಯದು? ಮುಂದಿನ ಭಾನುವಾರ ಚೈತನ್ಯಾ ಲ್ಯಾಪ್‌ಟಾಪ್ ಹಿಡಿದು ಮತ್ತೆ ಸಾನಪಾಡಾಕ್ಕೆ ಹೋದಳು.

ಅಂಬರೀಶ ಕೈಕಟ್ಟಿ ಪಕ್ಕದಲ್ಲಿ ಕೂತ. ಪರದೆಯ ತುಂಬ ಕೆಂಪಕ್ಷರದ ತಪ್ಪುಗಳು!

“ಒಂದು ಸಲ ನೀವೇ ಕೀಲಿ ಒತ್ತಿ ಮಾರಾಯ್ರೇ, ಪ್ಲೀಸ್...”

“ಇದರ ಹಿಂದ ಯಾವ ಕಂಪನೀನೂ ಇಲ್ರಿ. ನಾಳೆ ಕೆಟ್ರ ನಿಮಗs ಸರಿ ಮಾಡಾಕ ಬರಬೇಕು. ನಾ ದೂರ ಇದ್ದಾಗ ನಿಮಗೇನರ ಆದ್ರ... ನಾ ಹ್ಯಾಂಗ ಇರ್ಲಿ?”

ಅಂದವನೇ ನಾಲಗೆ ಕಚ್ಚಿಕೊಂಡ. ಚೈತನ್ಯಾಳ ಬೆರಳುಗಳು ಕೀಲಿಮಣೆಯ ಮೇಲೆಯೇ ನಿಂತವು. ಅಯ್ಯೋ, ಇವನನ್ನೇ ಜಂಭದವನು ಅಂದುಕೊಂಡಿದ್ದೆನಲ್ಲ!

ಕೆಲವು ಭಾನುವಾರಗಳ ನಂತರ, ತಾನೇ ಕಟ್ಟಿ ತಾನೇ ಪರೀಕ್ಷಿಸಿದ ಆ್ಯಪ್ ಅವಳ ಫೋನಿನಲ್ಲಿ ಕೆಲಸ ಶುರುಮಾಡಿತು. ಒಂದು ಬೆಳಗ್ಗೆ ಹಾಲಿನವನು ಬೆಲ್ ಒತ್ತಿದರೂ ಅಮ್ಮ ಏಳಲಿಲ್ಲ. ಗೊರಕೆ ಹೊಡೆಯುತ್ತಿದ್ದಳು! ಚೈತನ್ಯಾ ಬಾಗಿಲಲ್ಲಿ ನಿಂತು ಸಂತೋಷಕ್ಕೆ ಅತ್ತುಬಿಟ್ಟಳು.

ಅಂದೇ ಅವನನ್ನು ಸಾನಪಾಡಾ ಸ್ಟೇಷನ್ನಿಗೆ ಕರೆದಳು. ಅವನು ಮೆಟ್ಟಿಲು ಹತ್ತಿ ಓಡೋಡಿ ಬಂದ.

“ಅಮ್ಮ ಮಲಗಿದ್ರು ಅಂಬರೀಶ್... ನಿಮ್ಮ ಉಪಕಾರ ಹೇಗೆ ತೀರಿಸ್ಲಿ?”

“ನನಗೂ ಯಾರೋ ಹಿಂಗs ಬಾಜೂಕ ಕೂತು ಕಲಿಸ್ಯಾರ್ರಿ. ಅವರಿಗೆ ಸಲ್ತದ ಬಿಡ್ರಿ.”

“ನನ್ನ ಸಕ್ಕರೆ ಎಷ್ಟುಂಟು ಅಂತ ದೂರದಿಂದ ಫೋನಲ್ಲೇ ನೋಡ್ಲಿಕ್ಕೆ ಅಮ್ಮನಿಗೆ ಮಾತ್ರ ಬಿಟ್ಟಿದ್ದೇನೆ. ಇನ್ನೊಬ್ಬರಿಗೂ ಬಿಡುವ ಅಂತ ಉಂಟು.”

“ಡಾಕ್ಟರಿಗೇನ್ರಿ?”

“ಅಲ್ಲ... ಜೀವನಪೂರ್ತಿ ನೋಡುವವರಿಗೆ.”

ಅವನು ತನ್ನ ಫೋನನ್ನೇ ಅವಳ ಅಂಗೈಯಲ್ಲಿಟ್ಟ.

“ಹಂಗಾದ್ರ... ನಂದೂ ನೀನs ನೋಡ್ತಿಯೇನು?”

ಅವಳು ನೋಡಿ ಹೌಹಾರಿದಳು. “ನಿನ್ನ ಸಕ್ಕರೆ ಇಳೀತಾ ಉಂಟಲ್ಲ! ಓಡಿ ಬಾ ಅಂತ ಯಾರು ಹೇಳಿದ್ದು?” ಪರ್ಸಿನಿಂದ ಗ್ಲೂಕೋಸ್ ಮಾತ್ರೆ ತೆಗೆದಳು. “ಮೊದ್ಲು ಬಾಯಿ ತೆಗಿ!”