ಅಳದ ಕೂಸುಗಳ ಊರು

೧೯೪೮ರ ಡಿಸೆಂಬರ್ ೧೪, ಬೆಳಿಗ್ಗೆ. ಅಫಜಲಪುರ ಠಾಣೆಗೆ ಬಂದ ದೂರುದಾರ ತನ್ನ ಊರು ನಕ್ಷತ್ರಗಳಾಚೆ ಇದೆ ಎಂದ. ಪೇದೆ ಬೀರಣ್ಣ ನಕ್ಕ. ಇನ್‌ಸ್ಪೆಕ್ಟರ್ ಜಯತೀರ್ಥರಾಯರು ನಗದೆ, ಎಫ್‌ಐಆರ್‌ನಲ್ಲಿ ಊರಿನ ಜಾಗದಲ್ಲಿ ‘ಪರದೇಶಿ’ ಎಂದು ಬರೆದರು.

ದುಃಖವಿಲ್ಲದ ಲೋಕ ಹುಡುಕಲು ಅವನ ಜನ ಅವನನ್ನು ಕಳಿಸಿದ್ದರಂತೆ. ಭೀಮಾ ದಂಡೆಯ ಒಂದು ಹಳ್ಳಿಯಲ್ಲಿಳಿದು ಅಲ್ಲಿನ ಮಾತನ್ನೂ ಕಲಿತಿದ್ದ. ಜಗಳವಿಲ್ಲದ ಊರು, ಒಂದು ಕೂಸೂ ಅಳುತ್ತಿರಲಿಲ್ಲ. ಲೋಕ ಸಿಕ್ಕಿತೆಂದು ತನ್ನವರಿಗೆ ಸುದ್ದಿ ಕಳಿಸುವವನಿದ್ದ.

"ಇವತ್ತ ಸಕ್ಕುಬಾಯಿ ಕೂಸು ಎತ್ತಿಕೊಂಡ್ನಿರಿ. ತೊಯ್ದ ಅರಿವಿ ಹಾಂಗ ಜೋತುಬಿತ್ತು. ಎಬ್ಬಿಸಿದ್ರ ಏಳಲಿಲ್ರಿ."

"ಅದರವ್ವ?"

"ಮಲಗ್ಯಾದ ಅಂತ ತೊಗರಿ ಕೊಯ್ಯಾಕ ಹೋಗ್ಯಾಳ್ರಿ."

ಜೀಪು ಹಳ್ಳಿ ಸೇರಿದಾಗ ಬೇವಿನ ಕೆಳಗೆ ಕೌದಿಯ ಮೇಲೆ ಕೂಸುಗಳು ಸಾಲಾಗಿ ಮಲಗಿದ್ದವು. ಅವನ್ನು ನೋಡಿಕೊಳ್ಳುವ ಮುದುಕಿ ನಿಂಬೆವ್ವ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ರಾಯರು ರೆಪ್ಪೆ ಎತ್ತಿ ನೋಡಿದರು. ಎಲ್ಲ ಕೂಸುಗಳ ಕಣ್ಣಪಾಪೆಯೂ ಸಾಸಿವೆಯಷ್ಟು; ಅಫೀಮಿನ ಗುರುತು. ಸಕ್ಕುಬಾಯಿಯ ಕೂಸಿಗೆ ಉಸಿರು ತಡೆದು ತಡೆದು ಬರುತ್ತಿತ್ತು. ಬೀರಣ್ಣ ಅದರ ಅಂಗಾಲು ತಟ್ಟಿ, ಮುಖಕ್ಕೆ ತಣ್ಣೀರು ಹಚ್ಚಿದ. ಸಕ್ಕುಬಾಯಿ ಹೊಲದಿಂದ ಓಡಿಬಂದಳು.

ನಿಂಬೆವ್ವನ ಎಲೆಯಡಿಕೆ ಸಂಚಿಯಲ್ಲಿ ಕರಿ ಅಫೀಮಿನ ಉಂಡೆ ಸಿಕ್ಕಿತು. ಊರ ಹಿರಿಯ ಖಂಡಪ್ಪ ಮತ್ತು ಸೈದಪ್ಪ ಪಂಚರಾಗಿ ನಿಂತು ಪಂಚನಾಮೆ ಆಯಿತು.

"ಆಯಿ, ದಿನಾ ಎಷ್ಟ ಕೊಡ್ತಿದ್ದಿ?"

"ಉಗುರಿಗೆ ಹತ್ತಿದಷ್ಟ್ರಿ, ಹಾಲಿನಾಗ. ಇವತ್ತೂ ಅಷ್ಟ್ರಿ."

ಸಕ್ಕುಬಾಯಿ ನೆಲ ನೋಡುತ್ತ ಹೇಳಿದಳು: "ಮುದುಕಿಗಿ ತ್ರಾಸ ಆಗಬಾರದಂತ ಇವತ್ತ ನಾನೂ ಅದನ್ನ ಎದಿಗಿ ಸವರಿಕೊಂಡಿದ್ನಿರಿ."

"ಅಫೀಮು ಅಂತ ಗೊತ್ತಿತ್ತೇನು?"

"ಊರಿಗೆಲ್ಲ ಗೊತ್ತದ್ರಿ."

ನಾಲ್ಕರ ಸುಮಾರಿಗೆ ಕೂಸು ಕೈ ಆಡಿಸಿತು. ಸಣ್ಣಗೆ ನರಳಿ, ಬಾಯಿ ತೆರೆದು ಅತ್ತಿತು. ಆ ದನಿಗೆ ಅಲ್ಲಿದ್ದ ಹೆಂಗಸರೆಲ್ಲ ಮೊದಲು ನೋಡಿದ್ದು ಕೂಸನ್ನಲ್ಲ, ದಾರಿಯನ್ನು.

ರಾಯರು ಅದನ್ನು ಗಮನಿಸಿ ನಿಂಬೆವ್ವನನ್ನು ಮತ್ತೆ ವಿಚಾರಿಸಿದರು. ಮೂರು ತಿಂಗಳ ಹಿಂದೆ, ಭಾದ್ರಪದದಲ್ಲಿ, ಊರು ಸುಲಿಯುವ ದಾಳಿಯವರು ಬಂದಾಗ ಊರೆಲ್ಲ ಸಜ್ಜೆಯ ಹೊಲದಲ್ಲಿ ಅಡಗಿತ್ತು. ಅವಳ ಮಗಳು ಹಣಮವ್ವನ ಕೂಸು ಅಳತೊಡಗಿತು. ಕೂಸು ಎತ್ತಿಕೊಂಡು ಹೊರಗೆ ಹೋಗೆಂದು ಹಿರಿಯರು ಹೇಳಿದರು. ಹಣಮವ್ವ ಹೋದಳು. ಇಬ್ಬರೂ ಮರಳಲಿಲ್ಲ.

"ಅಳ್ತದಂತ ಇನ್ನೊಂದು ಕೂಸು ಹೊರಗ ಹೋಗಬಾರದ್ರಿ," ಎಂದಳು.

ಅಂದು ಹೊರಗೆ ಹೋಗೆಂದು ಹೇಳಿದವರಲ್ಲಿ ಖಂಡಪ್ಪನೂ ಇದ್ದ. ಅವನು ತಲೆ ಎತ್ತಲಿಲ್ಲ.

"ಇವರನ್ನ ಹಿಡಿಯೂದಿಲ್ಲೇನ್ರಿ?" ಹಿರಿಯರತ್ತ ಕೈ ತೋರಿಸಿ ಪರದೇಶಿ ಕೇಳಿದ.

"ಯಾವ ಕಲಮಿನಾಗ ಹಿಡೀಲಿ?" ಎಂದರು ರಾಯರು.

ನಿಂಬೆವ್ವನನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವಾಗ ಅವಳು ತಿರುಗಿ ನಿಂತಳು.

"ಸಕ್ಕು, ಎದಿ ಛಲೋ ತೊಳಕೊಂಡು ಹಾಲು ಕುಡಸಬೇ."