ಆರ್ಡೆಲ್‌ನ ಡಬ್ಬಿ, ನನ್ನ ಸಾಕ್ಷಿ

ಧಡ್!

ಹಿಂದಿನಿಂದ ಇನ್ನೊಂದು ಗುದ್ದು. ನನ್ನ ಹಳೆಯ ಪಿಕಪ್ ಜಲ್ಲಿ ರಸ್ತೆಯ ಮೇಲೆ ಅಡ್ಡಡ್ಡ ಜಾರಿತು. ಸ್ಟಿಯರಿಂಗ್ ಬಿಗಿಯಾಗಿ ಹಿಡಿದೆ... ಎಡಕ್ಕೆ ಚರಂಡಿ, ಬಲಕ್ಕೆ ಒಣಗಿ ನಿಂತ ಸೂರ್ಯಕಾಂತಿ ಹೊಲ.

ಕನ್ನಡಿಯಲ್ಲಿ ಬ್ರೈಸ್‌ನ ಮುಖ ಕಂಡಿತು. ನಗುತ್ತಿದ್ದ, ಬಡ್ಡೀಮಗ!

ಗಂಟೆ ನಾಲ್ಕು. ಶುಕ್ರವಾರ. ಕೋರ್ಟಿನ ಕಚೇರಿ ಐದಕ್ಕೆ ಬಾಗಿಲು ಹಾಕುತ್ತದೆ. ಊರು ಇನ್ನೂ ಹದಿನೆಂಟು ಮೈಲಿ ದೂರ. ಪಕ್ಕದ ಸೀಟಿನಲ್ಲಿ ಒಂದು ಹಾಳೆ. ಅದು ಇವತ್ತೇ ಕೋರ್ಟು ಸೇರದಿದ್ದರೆ ಸಿಗ್ನಿ ಜೈಲಿಗೆ, ಅವಳ ಆರು ವರ್ಷದ ಮಗಳು ಎಲ್ಸಿ ಈ ಬ್ರೈಸ್‌ನ ಕೈಗೆ!

ಅರ್ಥವಾಗಲಿಲ್ಲವೇ? ಹೇಳುತ್ತೇನೆ, ಕೇಳಿ.

ನನ್ನ ಹೆಸರು ಲೈಲ್ ವೆಟ್ಜೆಲ್. ಹಿಂದೆ ಶೆರಿಫ್ ಕಚೇರಿಯಲ್ಲಿದ್ದೆ. ಇಪ್ಪತ್ತೆರಡು ವರ್ಷದಿಂದ ಡಾರ್ಲಾ ಎಂಬ ವಕೀಲೆಗೆ ಓಡಾಡುವ ಆಳು. ನಾರ್ತ್ ಡಕೋಟಾದ ನಮ್ಮ ಕಡೆ ಬಂದೂಕಿನವರು ಸತ್ತರೆ ಮನೆಗೆ ಮೊದಲು ಹೋಗುವವನು ಪಾದ್ರಿ, ಎರಡನೆಯವನು ಕಾಗದಪತ್ರ ನೋಡುವ ನಾನು. ಬರೀ ಬಂದೂಕಾದರೆ ಮಕ್ಕಳು ಎತ್ತಿಕೊಂಡು ಹೋಗಲಿ, ನನಗೇನು? ಆದರೆ ಅದರ ಮೂತಿಗೆ ತಿರುಪುವ ಸೈಲೆನ್ಸರ್ ಇದೆಯಲ್ಲ, ನಮ್ಮವರು ಡಬ್ಬಿ ಎನ್ನುತ್ತಾರೆ, ಅದರ ಮಾತೇ ಬೇರೆ. ಒಂದೊಂದು ಡಬ್ಬಿಯೂ ಕೇಂದ್ರ ಸರ್ಕಾರದಲ್ಲಿ ಒಬ್ಬರ ಹೆಸರಿಗೆ ದಾಖಲಾಗಿರುತ್ತದೆ. ಬೇರೆಯವರು ಮನೆಯಲ್ಲಿಟ್ಟುಕೊಂಡರೆ ಹತ್ತು ವರ್ಷ ಜೈಲು!

ಆರ್ಡೆಲ್ ಬ್ರೆಕ್ಕೆ ನನ್ನ ಗೆಳೆಯ. ಮೂವತ್ತೊಂದು ವರ್ಷ ಒಟ್ಟಿಗೆ ಜಿಂಕೆ ಬೇಟೆಗೆ ಹೋದವರು ನಾವು. ಅವನ ಮಗಳೇ ಸಿಗ್ನಿ. ಐದನೇ ವಯಸ್ಸಿನಲ್ಲಿ ಜ್ವರ ಬಂದು ಅವಳ ಎಡಗಿವಿ ಹೋಯಿತು. "ಇರೋ ಒಂದನ್ನ ಜೋಪಾನ ಮಾಡಿ" ಎಂದರು ಡಾಕ್ಟರು. ಹುಡುಗಿಗೋ ಅಪ್ಪನ ಜೊತೆ ಬೇಟೆಗೆ ಹೋಗುವ ಹುಚ್ಚು. ಅಪ್ಪ ಏನು ಮಾಡಿದ? ಅರ್ಜಿ ಹಾಕಿದ, ಇನ್ನೂರು ಡಾಲರ್ ತೆರಿಗೆ ಕಟ್ಟಿದ, ಹತ್ತು ತಿಂಗಳು ಕಾದ, ಸರ್ಕಾರದ ಒಪ್ಪಿಗೆಯ ಸ್ಟಾಂಪ್ ಬಂದ ಮೇಲೆ ಡಬ್ಬಿ ತಂದ. ಮಗಳ ಆ ಒಂದು ಕಿವಿಗಾಗಿ!

ವರ್ಷಗಳಾದ ಮೇಲೆ ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ, ಸಾಮಾನು ಅಪ್ಪ ಮಗಳಿಬ್ಬರಿಗೂ ಸೇರುವಂತೆ ಮಾಡುವ ಟ್ರಸ್ಟ್ ಪತ್ರ ಹರಡಿದ. ಅವನ ಹೆಸರು, ಮಗಳ ಹೆಸರು, ಸಾಮಾನಿನ ಪಟ್ಟಿಯಲ್ಲಿ ಡಬ್ಬಿಯ ನಂಬರು.

"ನಾನು ಹೋದ್ಮೇಲೆ ಸಿಗ್ನಿಗೆ ತೊಂದ್ರೆ ಆಗ್ಬಾರ್ದು ಕಣೋ. ಸಾಕ್ಷಿ ಹಾಕು."

ಹಾಕಿದೆ. ಅವನು ಕೊಯ್ದು ಕೊಟ್ಟ ಪೈ ತಿಂದೆ. ಎದ್ದು ಬಂದೆ.

ಒಂದೇ ಒಂದು ಮಾತು ಕೇಳಲಿಲ್ಲ... "ಸರ್ಕಾರದ ಸ್ಟಾಂಪ್ ಯಾರ ಹೆಸರಲ್ಲಿದೆ, ತೋರ್ಸು." ಬೇರೆಯವರ ಮನೆಯಲ್ಲಾದರೆ ನಾನು ಕೂರುವ ಮೊದಲೇ ಕೇಳುವ ಮಾತು ಅದು. ಸ್ಟಾಂಪ್ ಇದ್ದದ್ದು ಆರ್ಡೆಲ್ ಒಬ್ಬನ ಹೆಸರಿನಲ್ಲಿ. ಪಟ್ಟಿಯಲ್ಲಿ ನಂಬರು ಬರೆದ ಮಾತ್ರಕ್ಕೆ ಡಬ್ಬಿ ಟ್ರಸ್ಟಿಗೆ ಸೇರುವುದಿಲ್ಲ. ಹೊಸದಾಗಿ ಅರ್ಜಿ ಹಾಕಬೇಕು, ಹೊಸದಾಗಿ ಕಾಯಬೇಕು. ಆರ್ಡೆಲ್‌ಗೆ ಅದು ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು!

ಮೂರು ವಾರದ ಹಿಂದೆ ಆರ್ಡೆಲ್ ಕೊಯ್ಲಿನ ಯಂತ್ರದ ಮೇಲೆಯೇ ಎದೆ ಹಿಡಿದುಕೊಂಡು ಹೋದ. ಮಣ್ಣು ಮಾಡಿದ ದಿನ ಸಿಗ್ನಿ ಡಬ್ಬಿಯನ್ನೂ ಅದರ ಕಾಗದಗಳನ್ನೂ ತನ್ನದೆಂದೇ ನಂಬಿ ಮನೆಗೆ ಒಯ್ದಳು. ಚರ್ಚಿನ ಹೆಂಗಸರು ಕೊಟ್ಟ ಹಾಟ್‌ಡಿಶ್ ಊಟದ ಪಾತ್ರೆಗಳ ನಡುವೆ ಮೇಜಿನ ಮೇಲಿಟ್ಟಳು. ಎಲ್ಸಿಯನ್ನು ಬಿಡಲು ಬಂದ ಬ್ರೈಸ್, ಡೈವೋರ್ಸ್ ಕೇಸು ನಡೆಯುತ್ತಿರುವ ಅವಳ ಗಂಡ, ಎಲ್ಲದರ ಫೋಟೊ ಹೊಡೆದುಕೊಂಡ. ಒಂದು ಕಾಲದಲ್ಲಿ ಬಂದೂಕಿನ ಅಂಗಡಿಯಲ್ಲಿ ಕೆಲಸಕ್ಕಿದ್ದವನು ಅವನು. ಸ್ಟಾಂಪ್ ಓದಿದ ಕೂಡಲೇ ಅವನಿಗೆ ಎಲ್ಲ ತಿಳಿಯಿತು.

"ಎಲ್ಸಿನ ನನಗೆ ಬಿಟ್ಕೊಡ್ತೀನಿ ಅಂತ ಸೋಮವಾರದೊಳಗೆ ಸೈನ್ ಹಾಕು. ಇಲ್ಲಾಂದ್ರೆ ಫೋಟೊ ಫೆಡರಲ್ ಆಫೀಸಿಗೆ ಹೋಗುತ್ತೆ" ಎಂದ. ಮಗಳ ಹುಟ್ಟುಹಬ್ಬ ಯಾವ ತಿಂಗಳೆಂದು ಕೇಳಿದರೆ ತಡವರಿಸುವ ಗಂಡಸು! ಅವನಿಗೆ ಮಗು ಬೇಕಿರಲಿಲ್ಲ, ಸಿಗ್ನಿ ಅಳುವುದು ಬೇಕಿತ್ತು.

ಇವತ್ತು ಮಧ್ಯಾಹ್ನ ಡಾರ್ಲಾ ಒಂದು ದಾರಿ ಹುಡುಕಿದಳು.

"ಆರ್ಡೆಲ್‌ನ ವಿಲ್ ನಡೆಸಬೇಕಾದ ನಿರ್ವಾಹಕ ನೀನು. ನೀನಿಲ್ದಿದ್ರೆ ಸಿಗ್ನಿ ಅಂತ ಬರ್ದಿದಾನೆ. ಸತ್ತವರ ಡಬ್ಬಿನ ನಿರ್ವಾಹಕರು ಇಟ್ಕೊಂಡ್ರೆ ತಪ್ಪಿಲ್ಲ. ನೇಮಕ ಆದ್ರೆ ಅವರ ಅಧಿಕಾರ ಹಿಂದಿನ ದಿನಗಳಿಗೂ ಲಾಗೂ ಆಗುತ್ತೆ, ನಮ್ಮ ರಾಜ್ಯದ ಕಾನೂನು. ನೀನು ಒಲ್ಲೆ ಅಂತ ಬರ್ಕೊಟ್ರೆ..."

"ಸಿಗ್ನಿನೇ ನಿರ್ವಾಹಕಿ, ಅವಳು ಇಟ್ಕೊಂಡಿದ್ದೇ ಸರಿ ಅಂತ ಆಗುತ್ತೆ!"

"ಯಾವ ಜಡ್ಜ್ ಮುಂದೆ ಬೇಕಾದ್ರೂ ವಾದ ಮಾಡ್ತೀನಿ. ಆಮೇಲೆ ವಾರಸುದಾರಳು ಅಂತ ಅರ್ಜಿ ಹಾಕ್ಲಿ, ತೆರಿಗೇನೂ ಇಲ್ಲ. ಆದ್ರೆ ಅವನು ದೂರು ಕೊಡೋಕೆ ಮುಂಚೆ ನೇಮಕ ಆಗ್ಬೇಕು. ನಾಳೆ, ನಾಡಿದ್ದು ಕೋರ್ಟು ರಜ. ಓಡು!"

ಓಡಿದೆ. ಅಷ್ಟರಲ್ಲಿ ಬ್ರೈಸ್ ಫೋನಿನಲ್ಲಿ ಸಿಗ್ನಿಯನ್ನು ಕೆಣಕಿದ್ದ. ಕೋಪಕ್ಕೆ ಬುದ್ಧಿ ಎಲ್ಲಿಯದು? "ಲೈಲ್ ಮಾವ ಕೋರ್ಟಿಗೆ ಹೊರಟಿದಾರೆ, ಏನು ಕಿತ್ಕೋತೀಯೋ ಕಿತ್ಕೋ" ಎಂದುಬಿಟ್ಟಳು.

ಕಿತ್ತುಕೊಳ್ಳಲು ಬಂದೇಬಿಟ್ಟ!

ಮೂರನೇ ಗುದ್ದಿಗೆ ನನ್ನ ಗಾಡಿ ನಿಂತಿತು. ಅವನು ಮುಂದೆ ಹೋಗಿ ಅಡ್ಡ ಹಾಕಿದ. ಕೈಯಲ್ಲಿ ವೀಲ್ ಸ್ಪ್ಯಾನರ್.

"ಇಳಿಯೋ ಮುದುಕಾ!"

"ಮಂಡಿ ನೋವು. ನೀನೇ ಬಾ."

"ಆ ಪೇಪರ್ ಕೊಡು."

"ಯಾಕೆ, ಮನೇಲಿ ಟಾಯ್ಲೆಟ್ ಪೇಪರ್ ಖಾಲಿಯಾಯ್ತಾ?"

ಪಕ್ಕದ ಗಾಜು ಪುಡಿಯಾಗಿ ನನ್ನ ತೊಡೆಯ ಮೇಲೆ ಬಿತ್ತು. ಅವನು ಕಿಟಕಿಯೊಳಗೆ ತಲೆ ತೂರಿಸಿದ.

"ಅವಳನ್ನ ಜೈಲಿಗೆ ಕಳಿಸ್ತಿರೋನು ನಾನಲ್ಲ ಲೈಲ್. ಟ್ರಸ್ಟ್ ಪೇಪರಲ್ಲಿ ಸಾಕ್ಷಿ ಯಾರದು? ನಿಂದು! ಆ ಪುಟದ ಫೋಟೋನೂ ಅವಳಿಗೆ ಕಳ್ಸಿದೀನಿ... ಈಗ ತಾನೇ!"

ಸ್ಪ್ಯಾನರ್ ತಲೆಗೆ ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಗೇರ್ ಹಿಂದಕ್ಕೆಳೆದೆ. ಅವನು ಹಾರಿ ಬಿದ್ದ. ಗಾಡಿಯನ್ನು ಬಲಕ್ಕೆ ತಿರುಗಿಸಿ ಬೇಲಿ ಮುರಿದು ಹೊಲಕ್ಕೆ ನುಗ್ಗಿಸಿದೆ! ಒಣ ದಂಟುಗಳು ಬಾನೆಟ್ಟಿಗೆ ಪಟಪಟ ಬಡಿದವು. ಬ್ರೈಸ್ ಎದ್ದು ಗಾಡಿ ಹತ್ತಿ ಬೆನ್ನಟ್ಟಿದ. ಬರಲಿ! ಅದು ಆರ್ಡೆಲ್‌ನ ಹೊಲ. ಕೆಸರು ಹೊಂಡ ಯಾವ ಮೂಲೆಯಲ್ಲಿದೆ ಎಂದು ಮೂವತ್ತೊಂದು ವರ್ಷ ಅಲ್ಲಿ ಬೇಟೆಯಾಡಿದ ನನಗೆ ಗೊತ್ತು. ಅಂಚಿಗೆ ಹೋಗಿ ಸರ್ರನೆ ತಿರುಗಿದೆ. ಅವನು ತಿರುಗಲಿಲ್ಲ.

ಹಾರ್ನ್ ಶಬ್ದ ಬಹಳ ಹೊತ್ತು ಕೇಳಿಸಿತು.

ನಗಬೇಕಿತ್ತು. ಹೆದ್ದಾರಿ ಸೇರುವವರೆಗೂ ಅತ್ತೆ. ಅರವತ್ತಮೂರು ವರ್ಷದ ಗಂಡಸು, ಒಡೆದ ಕಿಟಕಿಯ ಚಳಿಗಾಳಿಗೆ ಮುಖವೊಡ್ಡಿ ಬಿಕ್ಕಿ ಬಿಕ್ಕಿ ಅತ್ತೆ.

ನಾಲ್ಕು ಐವತ್ತಕ್ಕೆ ಕೋರ್ಟು. ಸಿಗ್ನಿ ಕೌಂಟರ್ ಮುಂದೆ ನಿಂತಿದ್ದಳು. ಓಡಿ ಬರಲಿಲ್ಲ. ಫೋನ್ ನನ್ನ ಮುಂದೆ ಹಿಡಿದಳು.

"ಇದು ನಿಮ್ಮ ಸಹಿನಾ ಮಾವ?"

"ಹೌದು."

"ಸ್ಟಾಂಪ್ ನೋಡಿದ್ರಾ?"

"ಇಲ್ಲ."

"ಯಾಕೆ?"

ಸುಳ್ಳು ಹೇಳಬಹುದಿತ್ತು. ವಕೀಲರ ಆಳಾಗಿ ಸುಳ್ಳು ಹೇಳಿ ಹೊಟ್ಟೆ ಹೊರೆದವನು ನಾನು. ಇವತ್ತು ಬಾಯಿ ಬರಲಿಲ್ಲ.

"ಗೆಳೆಯನ ಮನೆ... ಕಾಗದ ತೋರ್ಸು ಅನ್ನೋಕೆ ಸಂಕೋಚ ಆಯ್ತು ಮಗಳೇ."

ಅವಳು ಫೋನ್ ಕೆಳಗಿಳಿಸಿದಳು.

"ನನಗೇ ಅನುಮಾನ ಇತ್ತು. ಇನ್ನೊಂದ್ಸಲ ಯಾರಿಗಾದ್ರೂ ತೋರ್ಸಣ ಅಂದಿದ್ದೆ. 'ಲೈಲ್ ನೋಡಿದಾನೆ, ಸಾಕು' ಅಂದ್ರು ಅಪ್ಪ."

ನಾನು ಹಾಳೆಯನ್ನು ಕೌಂಟರ್ ಮೇಲಿಟ್ಟೆ.

"ಸಹಿ ಹಾಕಿ. ಎಲ್ಸಿಗೋಸ್ಕರ ಓಡ್ಬಂದ್ರಿ, ಅದನ್ನ ಮರೆಯಲ್ಲ. ಆದ್ರೆ ನಮ್ಮನೆಗೆ ಬರ್ಬೇಡಿ ಮಾವ. ಇನ್ಯಾವತ್ತೂ ಬರ್ಬೇಡಿ."

ಸಹಿ ಹಾಕಿದೆ. ಗೆಳೆಯ ನಂಬಿ ಕೊಟ್ಟ ಕೊನೆಯ ಕೆಲಸವನ್ನು ನನ್ನ ಕೈಯಾರೆ ಒಲ್ಲೆ ಎಂದೆ. ಗುಮಾಸ್ತೆ ಹಾಳೆ ತಿರುಗಿಸಿ ನೋಡಿದಳು.

"ಕಾರಣ ಅನ್ನೋ ಜಾಗ ಖಾಲಿ ಇದೆಯಲ್ಲ ಲೈಲ್. ವಯಸ್ಸು, ಕಾಯಿಲೆ... ಏನಾದ್ರೂ ಬರೀರಿ."

ಬರೆದೆ. 'ಈ ಕೆಲಸ ನನಗೆ ಬರುವುದಿಲ್ಲ.'

ಸಿಗ್ನಿಯ ನೇಮಕದ ಕಾಗದಕ್ಕೆ ಮೊಹರು ಬಿತ್ತು. ನಾಲ್ಕು ಐವತ್ತೆಂಟು. ಅವಳು ಅದನ್ನು ಎದೆಗೊತ್ತಿಕೊಂಡು ಹಿಂತಿರುಗಿ ನೋಡದೆ ಹೊರಟುಹೋದಳು.

ಗುಮಾಸ್ತೆ ನಾನು ಬರೆದದ್ದನ್ನು ಓದಿ ನಕ್ಕಳು. "ತಮಾಷೆ ಮಾಡ್ತೀರಾ? ಈ ಕೌಂಟೀಲಿ ಈ ಕೆಲಸ ನಿಮ್ಮಷ್ಟು ಗೊತ್ತಿರೋರು ಯಾರಿದಾರೆ?"

ಆರ್ಡೆಲ್ ಕೂಡ ಹಾಗೇ ಅಂದುಕೊಂಡಿದ್ದ.