ಅಪ್ಪನ ಕುರ್ಚಿಯ ಎಡಗೈ

"ಸರಿ ಹೋಗುತ್ತೆ ಬಿಡಿ ಮೇಡಂ, ಚಿಂತೆ ಮಾಡ್ಬೇಡಿ."

"ನೋಡೋಕೆ ಮುಂಚೇನೇ?"

ಮರಗೆಲಸದವನು ಉಳಿ ಕೆಳಗಿಟ್ಟು ತಲೆ ಎತ್ತಿದ. ಬಾಗಿಲಲ್ಲಿ ಹಳೆ ಕುರ್ಚಿಯೊಂದನ್ನು ಅವುಚಿಕೊಂಡು ನಿಂತವಳ ಕಣ್ಣಲ್ಲಿ ಕಿಡಿ ಹಾರುತ್ತಿತ್ತು. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಅಂಗಡಿಯವಳು. 'ಈ ಬಣ್ಣ ನಿಮಗೆ ಒಪ್ಪಲ್ಲ' ಎಂದು ಗಿರಾಕಿಗಳ ಮುಖಕ್ಕೇ ಹೇಳಿ ಕಳಿಸುವ ಆಕೆಗೆ ಬೀದಿಯವರೆಲ್ಲ ಸೇರಿ ಇಟ್ಟಿದ್ದ ಹೆಸರು ಕತ್ತರಿ.

"ನಮ್ಮಪ್ಪನ ಕುರ್ಚಿ ಇದು. ಎಡಗೈ ಅಲ್ಲಾಡ್ತಿದೆ. ಈ ಗುರುತು ನೋಡಿ, ನಂಗೆ ಹಲ್ಲು ಬಂದಾಗ ಕಚ್ಚಿದ್ದಂತೆ. ಅಪ್ಪ ಹೋಗೋವರೆಗೂ ಇದನ್ನ ಸವರಿ ನಗ್ತಿದ್ರು. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿ... ಸುಳ್ಳು ಮಾತ್ರ ಬೇಡ!"

"ಸುಳ್ಳಾ? ಛೆ ಛೆ!" ಎಂದು ಅವನು ನಕ್ಕ. ಆ ನಗುವಿಗೆ ಅವಳ ಕೋಪ ಅಲ್ಲೇ ಇಳಿದುಹೋಯಿತು. ಪಾಪ, ಅವಳದೇನು ತಪ್ಪು!

ಕುರ್ಚಿ ವಾಪಸ್ ಬಂದಾಗ ಎಡಗೈ ಗಟ್ಟಿಮುಟ್ಟಾಗಿತ್ತು. ಪುಟ್ಟ ಹಲ್ಲಿನ ಗುರುತಿನ ಮೇಲೆ ಬೆರಳಿಟ್ಟು ಅವಳು ಅವನೆದುರೇ ಬಿಕ್ಕಿ ಬಿಕ್ಕಿ ಅತ್ತಳು. ಅವನು ನೀರು ತಂದುಕೊಟ್ಟ. ಆಮೇಲೆ ಅವಳು ಮಾಡಿ ತರುವ ಸಂಜೆಯ ಟೀ ಇಬ್ಬರದೂ ಒಟ್ಟಿಗೇ ಆಯಿತು.

"ಹೇಗಿದೆ?"

"ಸೂಪರ್!" ದಿನವೂ ಅವನದು ಅದೇ ಉತ್ತರ.

ಅವಳದೇನು ಎಳೆ ವಯಸ್ಸಲ್ಲ, ನಲವತ್ತರ ಹತ್ತಿರ. ಕಟ್ಟಿಕೊಂಡ ಗಂಡ ಗುಟ್ಟಾಗಿ ಇನ್ನೊಂದು ಸಂಸಾರ ಮಾಡಿಕೊಂಡು, ಸಿಕ್ಕಿಬಿದ್ದಾಗ 'ನಿನಗೆ ನೋವಾಗಬಾರದು ಅಂತ ಮುಚ್ಚಿಟ್ಟೆ' ಎಂದಿದ್ದ. ಅಂದೇ ಅವಳು ಹೊಲಿಗೆ ಯಂತ್ರ ಎತ್ತಿಕೊಂಡು ತಂಗಿಯ ಮನೆ ಸೇರಿದ್ದಳು. ಇದೆಲ್ಲವನ್ನೂ ಮರಗೆಲಸದವನಿಗೆ ಬಿಚ್ಚಿ ಹೇಳಿದ್ದಳು. ಅವನು ಕೇಳಿ ಮೆತ್ತಗೆ ಕೈ ಹಿಡಿದಿದ್ದ. ಮದುವೆಯ ಮಾತೂ ಆಗಿತ್ತು.

ಒಂದು ಮಧ್ಯಾಹ್ನ ಅವನಿಗೆಂದು ಅಂಗಿ ಹೊಲಿದುಕೊಂಡು, ಹೇಳದೆ ಕೇಳದೆ ಅಂಗಡಿಗೆ ಹೋದಳು. ಅವನಿರಲಿಲ್ಲ. ಅಂಗಿ ತೂಗುಹಾಕಲು ಮೊಳೆ ಹುಡುಕುವಾಗ ಕಪಾಟಿನ ಮೇಲಿನ ಬಟ್ಟೆಯ ಗಂಟೊಂದು ಕೈತಾಗಿ ಕೆಳಗೆ ಬಿತ್ತು.

ಬಿಚ್ಚಿದಳು... ಹುಳು ತಿಂದು ಟೊಳ್ಳಾದ ಕುರ್ಚಿಯ ಕೈ. ಅದರ ಮೇಲೆ ಪುಟ್ಟ ಹಲ್ಲಿನ ಗುರುತು!

'ಹಾಗಾದರೆ... ಮನೇಲಿರೋದು?'

ಅಷ್ಟರಲ್ಲಿ ಅವನು ಒಳಗೆ ಬಂದ. ಅವಳ ಕೈಯಲ್ಲಿದ್ದದ್ದನ್ನು ಕಂಡು ಅವನ ಮುಖದ ಬಣ್ಣ ಇಳಿಯಿತು.

"ಹಳೇದು ಉಳಿಯೋ ಹಾಗಿರ್ಲಿಲ್ಲ. ನಾನೇ ಹೊಸದು ಮಾಡ್ದೆ..."

"ಹಲ್ಲಿನ ಗುರುತೂ?"

"ಹೂಂ... ಉಳೀಲಿ ಕೊರೆದೆ."

"ನಾನು ಅದನ್ನ ಹಿಡ್ಕೊಂಡು ಅಳ್ತಿದ್ರೆ ನೋಡ್ತಾ ನಿಂತಿದ್ರಲ್ಲ!"

"ನಿಮಗೆ ನೋವಾಗಬಾರದು ಅಂತ..."

ಗಂಡ ಅಂದಿದ್ದ ಅದೇ ಮಾತು! ಅಕ್ಷರ ಅಕ್ಷರವೂ ಅದೇ!

"ಮರ ಹೋದ್ರೆ ಹೋಗ್ಲಿ ರೀ. ಅಳೋಕಾದ್ರೂ ನಂಗೆ ನಿಜ ಬೇಕಿತ್ತು. ಅದನ್ನೂ ಕಿತ್ಕೊಂಡ್ರಿ!"

"ನಮ್ಮನೇಲಿ ಅಪ್ಪ ಅಮ್ಮ ನಿಜ ಹೇಳ್ತೀನಿ ಅಂತ್ಲೇ ದಿನಾ ಕಿತ್ತಾಡ್ತಿದ್ರು. ಯಾರ ಕಣ್ಣಲ್ಲೂ ನೀರು ತರಿಸಬಾರದು ಅನ್ನೋದೊಂದೇ ನಾನು ಕಲಿತದ್ದು..."

"ಅದು ನಿಮ್ಮ ಭಯ. ಅದಕ್ಕೆ ನನ್ನ ಹೆಸರು ಇಡ್ಬೇಡಿ."

ಟೊಳ್ಳು ಕೈಯನ್ನು ಎದೆಗೊತ್ತಿಕೊಂಡು ಹೊರಟೇಬಿಟ್ಟಳು. ಅಂಗಿ ಅಲ್ಲೇ ನೆಲದ ಮೇಲೆ ಬಿದ್ದಿತ್ತು.

ಮನೆಗೆ ಬಂದು ಕುರ್ಚಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಅದರ ಹತ್ತಿರವೂ ಸುಳಿಯಲಿಲ್ಲ. ವಾರಗಟ್ಟಲೆ ಇದನ್ನು ಕಂಡ ತಂಗಿಗೆ ತಡೆಯಲಾಗಲಿಲ್ಲ.

"ಒಂದು ಮರದ ತುಂಡಿಗೆ ಇಷ್ಟು ರಂಪಾನಾ? ಒಳ್ಳೆ ಮನುಷ್ಯ ಕಣಕ್ಕಾ."

"ಒಳ್ಳೆಯವನೇ. ಅದಕ್ಕೇ ಇಷ್ಟು ಉರೀತಿರೋದು."

ಭಾನುವಾರ ಬೆಳಿಗ್ಗೆ ಅವನು ಬಾಗಿಲಿಗೆ ಬಂದ. ಅದೇ ಅಂಗಿ ತೊಟ್ಟಿದ್ದ. ಕೈಯಲ್ಲಿ ಸಾಮಾನಿನ ಚೀಲ.

"ತಪ್ಪಾಯ್ತು. ಹುಳ ತಿಂದಿರೋದು ಕಂಡ ದಿನಾನೇ ಹೇಳ್ಬೇಕಿತ್ತು. ನೀವು ಅಳೋದನ್ನ ನೋಡೋಕೆ ನಂಗೆ ಧೈರ್ಯ ಇರ್ಲಿಲ್ಲ. ಸುಳ್ಳು ಹೇಳಿದ್ದು ನಿಮಗೋಸ್ಕರ ಅಲ್ಲ, ನನಗೋಸ್ಕರ."

ಅವಳು ಪಕ್ಕಕ್ಕೆ ಸರಿದಳು. ಅವನು ಕುರ್ಚಿಯನ್ನು ತಿರುಗಿಸಿ ಆ ನಕಲಿ ಕೈ ಬಿಚ್ಚಿದ. ಬಣ್ಣವಿಲ್ಲದ, ಗುರುತಿಲ್ಲದ, ಬಿಳಿಚಿಕೊಂಡ ಹೊಸ ಮರದ ಕೈಯೊಂದನ್ನು ಕೂರಿಸಿದ. ಕಪ್ಪು ಕುರ್ಚಿಯಲ್ಲಿ ಅದು ಕಣ್ಣಿಗೆ ಹೊಡೆಯುವಂತಿತ್ತು.

"ಇದು ನಿಮ್ಮಪ್ಪಂದಲ್ಲ, ನಾನು ಮಾಡಿದ್ದು. ಜಾಯಿಂಟು ಬೇರೆ ಸ್ವಲ್ಪ ಸಡಿಲ... ಮುಂದೆ ಅಲ್ಲಾಡಬಹುದು."

"ಚೆನ್ನಾಗಿ ಕಾಣ್ತಿಲ್ಲ."

"ಇಲ್ಲ," ಎಂದು ಒಪ್ಪಿಕೊಂಡ.

ಅವಳು ನಿಧಾನವಾಗಿ ಕುಳಿತು ಆ ಒರಟು ಮರದ ಮೇಲೆ ಕೈಯಿಟ್ಟಳು. ಅಪ್ಪ ಅಲ್ಲಿರಲಿಲ್ಲ. ಇದ್ದಂತೆ ಯಾರೂ ನಟಿಸುತ್ತಲೂ ಇರಲಿಲ್ಲ. ಕಣ್ಣು ತುಂಬಿ ಬಂತು. ಅವನು ಮುಖ ತಿರುಗಿಸದೆ ನಿಂತಿದ್ದ.

ಆಮೇಲೆ ಎದ್ದುಹೋಗಿ ಟೀ ಮಾಡಿ ತಂದಳು.

"ಹೇಗಿದೆ?"

ಒಂದು ಗುಟುಕು ಕುಡಿದ. ಹಣೆಯಲ್ಲಿ ಬೆವರು!

"ಸಕ್ಕರೆ ಜಾಸ್ತಿ... ಮೊದಲ ದಿನದಿಂದ್ಲೂ ಜಾಸ್ತಿನೇ."

"ಮತ್ತೆ ಇಷ್ಟು ದಿನ ಹೇಗೆ ಕುಡಿದ್ರಿ?"

"ನನಗಿಷ್ಟ ಆಗಿದ್ದು ಟೀ ಅಲ್ಲ... ನೀವು."

ಅವಳಿಗೆ ಸಿಟ್ಟು ಬಂತು. ಹಿಂದೆಯೇ ನಗುವೂ ಬಂತು.

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು."

"ನಾಳೆ ಬನ್ನಿ. ಸಕ್ಕರೆ ಕಮ್ಮಿ ಹಾಕ್ತೀನಿ."

"ಅದೂ ಚೆನ್ನಾಗಿಲ್ದೇ ಇದ್ರೆ?"

"ಹೇಳಿ. ನಾನು ಅಳಲ್ಲ..." ಎಂದವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಅತ್ತರೂ ಹೇಳಿ."